ಜಾತಿನಾಯಿ ಮರಿ ತರುವ ಮುನ್ನ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ

ಜಾತಿನಾಯಿ ಮರಿ ಬೇಕು ಅಂತ ಬಳ್ಳಾರಿಯಲ್ಲೋ ರಾಯಚೂರಲ್ಲೋ ನಾಲ್ಕು ಜನರಿಗೆ ಹೇಳಿ ನೋಡಿ. ಸಂಜೆಯೊಳಗೆ ವಾಟ್ಸ್‌ಆ್ಯಪ್‌ಗೆ ಫೋಟೊ ಬಂದು ಬೀಳುತ್ತವೆ. ಲ್ಯಾಬ್, ಜರ್ಮನ್ ಶೆಫರ್ಡ್, ಪಗ್, ಹಸ್ಕಿ, ಶಿಟ್ಜು, ಎಲ್ಲಾ ಒಬ್ಬನ ಹತ್ತಿರವೇ. ಜೊತೆಗೊಂದು ವಾಯ್ಸ್ ಮೆಸೇಜು: "45 ದಿನದ ಮರಿ ಸರ್, ಡಬಲ್ ಬೋನ್, ವ್ಯಾಕ್ಸಿನ್ ಎಲ್ಲಾ ಮುಗಿದೈತಿ, ಪೇಪರ್ ಬೇಕಂದ್ರ ಎಕ್ಸ್‌ಟ್ರಾ ಆಗ್ತದ. ಅಡ್ವಾನ್ಸ್ ಹಾಕ್ರಿ, ಬಸ್‌ಸ್ಟ್ಯಾಂಡಿಗೇ ತಂದುಕೊಡ್ತೀವಿ."

ಈ ಒಂದು ಮಾತಿನಲ್ಲಿ ನಂಬುವಂಥದ್ದು ಏನೂ ಇಲ್ಲ. ಯಾಕೆ ಅನ್ನುವುದು ತಿಳಿದರೆ ಪಪ್ಪಿ ಮಿಲ್‌ನ, ಅಂದರೆ ಲಾಭಕ್ಕಾಗಿ ಬಿಡುವಿಲ್ಲದೆ ಮರಿ ಹಾಕಿಸುವ ಜಾಗದ, ಮರಿ ಯಾವುದು, ಜವಾಬ್ದಾರಿಯಿಂದ ಸಾಕಿದ ಮರಿ ಯಾವುದು ಎಂದು ಗುರುತಿಸುವುದರಲ್ಲಿ ಅರ್ಧ ಕೆಲಸ ಮುಗಿದ ಹಾಗೆ.

ಪಪ್ಪಿ ಮಿಲ್ ನಡೆಯುವ ಬಗೆ

ನೂರು ಪಂಜರಗಳ ದೊಡ್ಡ ಶೆಡ್ಡೇ ಇರಬೇಕೆಂದಿಲ್ಲ. ಊರಾಚೆಯ ತೋಟದಲ್ಲಿ ತಗಡಿನ ಕೆಳಗೆ ಹದಿನೈದು ಹೆಣ್ಣುನಾಯಿ ಇರಬಹುದು, ಮಹಡಿ ಮೆಟ್ಟಿಲ ಕೆಳಗೆ ಸರಪಳಿ ಹಾಕಿದ ಮೂರೇ ನಾಯಿ ಇರಬಹುದು. ಗುರುತಿಸಬೇಕಾದ್ದು ಅದರ ಲೆಕ್ಕಾಚಾರವನ್ನು. ಹೆಣ್ಣುನಾಯಿ ಸುಮಾರು ಆರು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗರ್ಭ ಸುಮಾರು 63 ದಿನ. ಪ್ರತಿ ಬೆದೆಗೂ ಕ್ರಾಸ್ ಮಾಡಿಸಿದರೆ ವರ್ಷಕ್ಕೆ ಎರಡು ಸೂಲು. ಹಾಲು ಬತ್ತಿ ಮೈ ತುಂಬಿಕೊಳ್ಳುವ ಮೊದಲೇ ಮತ್ತೆ ಗರ್ಭ. ನಾಲ್ಕೈದು ವರ್ಷಕ್ಕೆ ಸೊರಗಿದ ನಾಯಿಯನ್ನು ಹೈವೇ ಬದಿಯಲ್ಲಿ ಬಿಟ್ಟು ಬಂದರೆ ಲೆಕ್ಕ ಚುಕ್ತಾ.

ನಮ್ಮ ಕಡೆ ನೀವು ಎದುರಾಗುವುದು ಬಹುಪಾಲು ಮಧ್ಯವರ್ತಿಗೆ. ಅವನ ಬಳಿ ನಾಯಿಯೇ ಇರುವುದಿಲ್ಲ, ಫೋಟೊ ಇರುತ್ತವೆ. ಮರಿ ಬೇರೆ ಊರಿಂದ ರಾತ್ರಿ ಬಸ್ಸಿಗೆ ಬರುತ್ತದೆ. "ನಾನು ಸಾಕೋದಿಲ್ಲ, ಕೊಡಿಸ್ತೀನಿ ಅಷ್ಟೇ" ಎಂದರೂ ಕಾನೂನಿನ ಕಣ್ಣಿಗೆ ಅವನೂ ಬ್ರೀಡರ್‌ನ, ಅಂದರೆ ಮಾರಲು ಮರಿ ಹಾಕಿಸುವವನ, ಲೆಕ್ಕಕ್ಕೇ ಸೇರುತ್ತಾನೆ. ನಾಯಿ ತಳಿ ಸಂವರ್ಧನೆ ಮತ್ತು ಮಾರಾಟಕ್ಕೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅದಕ್ಕೆ ಆಧಾರ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ಮಾರಾಟಕ್ಕಾಗಿ ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. 18 ತಿಂಗಳು ತುಂಬದ ನಾಯಿಗೆ ಕ್ರಾಸ್ ಮಾಡಿಸುವಂತಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮೈಕ್ರೋಚಿಪ್ (ಚರ್ಮದಡಿ ಸೇರಿಸುವ ಗುರುತಿನ ಚಿಪ್ಪು) ಇರಬೇಕು, ದಾಖಲೆ ಇಡಬೇಕು. ಪೆಟ್ ಶಾಪ್‌ಗಳಿಗೆ 2018ರ ಬೇರೆ ನಿಯಮವಿದೆ, ಅಲ್ಲೂ ನೋಂದಣಿ ಕಡ್ಡಾಯ.

ಆದ್ದರಿಂದ ಮೊದಲ ಪ್ರಶ್ನೆ ಸರಳ: "ನಿಮ್ಮ ನೋಂದಣಿ ನಂಬರ್ ಎಷ್ಟು?" ಮೂರೂ ಜಿಲ್ಲೆಗಳಲ್ಲಿ ಮನೆಯಲ್ಲಿ ಒಂದೆರಡು ನಾಯಿ ಸಾಕಿ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸೂಲು ಹಾಕಿಸುವ ಬಹಳ ಜನಕ್ಕೆ ಈ ನಿಯಮ ಇರುವುದೇ ಗೊತ್ತಿಲ್ಲ. ಅವರೆಲ್ಲ ಕಟುಕರಲ್ಲ. ಆದರೆ ಕೇಳಿದ ಕೂಡಲೇ ರೇಗುವವರನ್ನು ಬಿಟ್ಟುಬಿಡಿ.

45 ದಿನದ ಮರಿ

ಎಂಟು ವಾರ ಎಂದರೆ 56 ದಿನ. ಮಾರುಕಟ್ಟೆ ಹೇಳುವುದು 45. ಕೈಗೆ ಬರುವ ಮರಿ ಎಷ್ಟೋ ಸಲ 30–35 ದಿನದ್ದು. ಕಾರಣ ತೀರಾ ವ್ಯಾವಹಾರಿಕ. ಜಂತಿನ ಔಷಧಿಯನ್ನು ಎರಡನೇ ವಾರದಿಂದ ಎಂಟನೇ ವಾರದವರೆಗೆ ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಎಂಟು ಮರಿಗೆ ನಾಲ್ಕು ಸಲ ಎಂದರೆ 32 ಡೋಸು. ಮೇಲೆ ಮೊದಲ ಲಸಿಕೆ, ಚಿಪ್ಪು. ಐದನೇ ವಾರದಿಂದ ಮರಿಗಳು ತಿನ್ನುವ ಆಹಾರ, ಹಾಕುವ ಗಲೀಜು ಎರಡೂ ದಿನದಿನಕ್ಕೆ ಏರುತ್ತವೆ. ಈ ಖರ್ಚು ಶುರುವಾಗುವ ಹೊತ್ತಿಗೆ ಮರಿ ಸಾಗಿಸಿಬಿಟ್ಟರೆ ಲಾಭ. ಮರಿ ಚಿಕ್ಕದಿದ್ದಷ್ಟೂ ಮುದ್ದಾಗಿರುತ್ತದೆ, ಗಿರಾಕಿಯೂ ಬೇಗ ಸಿಗುತ್ತಾನೆ.

ನಷ್ಟ ನಿಮ್ಮ ಮನೆಯಲ್ಲಿ ಗೊತ್ತಾಗುತ್ತದೆ. ನಾಲ್ಕರಿಂದ ಎಂಟನೇ ವಾರದಲ್ಲಿ ಮರಿ ತಾಯಿ ಮತ್ತು ಒಡಹುಟ್ಟಿದವುಗಳ ಜೊತೆ ಕಚ್ಚಾಡುತ್ತಲೇ ಎಷ್ಟು ಗಟ್ಟಿ ಕಚ್ಚಬಾರದು ಎಂಬುದನ್ನು ಕಲಿಯುತ್ತದೆ. ಅದು ತಪ್ಪಿದ ಮರಿ ಮುಂದೆ ಮಕ್ಕಳ ಕೈ ಕಚ್ಚುತ್ತದೆ, ಒಂಟಿ ಬಿಟ್ಟರೆ ಅರಚುತ್ತದೆ, ತಟ್ಟೆ ಹತ್ತಿರ ಹೋದರೆ ಗುರುಗುಟ್ಟುತ್ತದೆ.

ವಯಸ್ಸು ಪರೀಕ್ಷಿಸಲು ಬಾಯಿ ತೆರೆಸಿ. ಎಂಟು ವಾರಕ್ಕೆ 28 ಹಾಲುಹಲ್ಲೂ ಬಂದಿರಬೇಕು: ಮುಂದಿನವು 12, ಕೋರೆ 4, ಹಿಂದಿನವು 12. ಕಿರುಬೆರಳಿನಿಂದ ಹಿಂದಿನ ವಸಡು ಸವರಿ. ಮುಂದೆ ಸೂಜಿಯಂಥ ಹಲ್ಲಿದ್ದು ಹಿಂದೆ ನುಣ್ಣಗಿದ್ದರೆ ಅದು ನಾಲ್ಕೈದು ವಾರದ ಮರಿ. ಪಗ್, ಶಿಟ್ಜು ತರಹದ ಸಣ್ಣ ಜಾತಿಗಳಲ್ಲಿ ಹಲ್ಲು ಸ್ವಲ್ಪ ತಡವಾಗುವುದುಂಟು, ಅಲ್ಲಿ ನಡಿಗೆಯನ್ನೂ ನೋಡಿ. ಎಂಟು ವಾರದ ಮರಿ ಓಡುತ್ತದೆ, ತಿರುಗುತ್ತದೆ, ಗಟ್ಟಿ ಆಹಾರವನ್ನು ತಾನೇ ತಿನ್ನುತ್ತದೆ. ಹಿಂಗಾಲು ತಡವರಿಸುತ್ತಾ ಹಾಲಿಗೆ ಮುಖ ಅದ್ದುವ ಮರಿ ಇನ್ನೂ ತಾಯಿಯ ಹತ್ತಿರ ಇರಬೇಕಾದದ್ದು.

ಫೋನಿನಲ್ಲಿ ಕೇಳಬೇಕಾದ್ದು

ಎಷ್ಟು ಜಾತಿ ಇಟ್ಟಿದ್ದೀರಿ? ಒಂದೋ ಎರಡೋ ಎಂದರೆ ಮಾತು ಮುಂದುವರಿಸಿ. ಆರೇಳು ಜಾತಿ ಎಂದರೆ ಅದು ಅಂಗಡಿ.

ತಾಯಿಯ ವಯಸ್ಸೆಷ್ಟು, ಇದು ಎಷ್ಟನೇ ಸೂಲು, ಹಿಂದಿನದು ಯಾವ ತಿಂಗಳು? ಮೂರನ್ನೂ ಒಟ್ಟಿಗೆ ಕೇಳಿ, ಆಮೇಲೆ ಕೂಡಿಸಿ ನೋಡಿ. "ಮೂರು ವರ್ಷದ ನಾಯಿ, ನಾಲ್ಕನೇ ಸೂಲು" ಎಂದರೆ ಒಂದು ಬೆದೆಯನ್ನೂ ಬಿಟ್ಟಿಲ್ಲ ಎಂದರ್ಥ. ಒಳ್ಳೆಯ ಬ್ರೀಡರ್ ಒಂದು ಸೂಲಾದ ಮೇಲೆ ಕನಿಷ್ಠ ಒಂದು ಬೆದೆ ಖಾಲಿ ಬಿಡುತ್ತಾನೆ. ಕ್ರಾಸ್ ಆದ ದಿನ, ಮರಿ ಹಾಕಿದ ದಿನ ಎರಡೂ ಅವನ ನೋಟ್‌ಬುಕ್ಕಿನಲ್ಲಿ ಇರುತ್ತವೆ, ಹೇಳಲು ತಡವರಿಸುವುದಿಲ್ಲ.

ಯಾವ ಡಾಕ್ಟರ ಹತ್ತಿರ ತೋರಿಸುತ್ತೀರಿ? ಹೆಸರು ಕೇಳಿಕೊಂಡು ಆ ಡಾಕ್ಟರಿಗೇ ಒಂದು ಫೋನ್ ಮಾಡಿ. ಈ ಒಂದು ಕರೆಯಿಂದ ಸಿಗುವಷ್ಟು ಮಾಹಿತಿ ಬೇರೆ ಎಲ್ಲೂ ಸಿಗದು. ಮೂರೂ ಜಿಲ್ಲೆಗಳಲ್ಲಿ ನಾಯಿ ನೋಡುವ ಡಾಕ್ಟರುಗಳು ಕಮ್ಮಿ, ಯಾರ ಕೆನಲ್‌ನಿಂದ (ನಾಯಿ ಸಾಕುವ ಜಾಗ) ಪಾರ್ವೊ, ಅಂದರೆ ವಾಂತಿ-ರಕ್ತಭೇದಿಯ ವೈರಾಣು ರೋಗ, ತಗುಲಿದ ಮರಿ ಬರುತ್ತವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನನಗೆ ಸಾಕಲಾಗದಿದ್ದರೆ ವಾಪಸ್ ತಗೋತೀರಾ? ಜವಾಬ್ದಾರಿಯುತ ಬ್ರೀಡರ್‌ನ ಉತ್ತರ: ಹೌದು, ಬೇರೆಯವರಿಗೆ ಕೊಡಬೇಡಿ, ನನಗೇ ತಂದುಕೊಡಿ.

ಇನ್ನು ಅವನು ನಿಮ್ಮನ್ನು ಏನು ಕೇಳುತ್ತಾನೆ ಎಂಬುದನ್ನೂ ಗಮನಿಸಿ. ಮನೆ ಸ್ವಂತದ್ದೋ ಬಾಡಿಗೆಯೋ, ಹಗಲು ಯಾರಿರುತ್ತಾರೆ, ಬೇಸಿಗೆಯಲ್ಲಿ ಎಲ್ಲಿ ಮಲಗಿಸುತ್ತೀರಿ ಎಂದು ಪೊಲೀಸರಂತೆ ವಿಚಾರಿಸಿದರೆ ಬೇಸರ ಮಾಡಿಕೊಳ್ಳಬೇಡಿ. ರಾಯಚೂರಿನ ಬಿಸಿಲಿಗೆ ಹಸ್ಕಿ ಬೇಡ ಎಂದು ಗಿರಾಕಿಯನ್ನು ವಾಪಸ್ ಕಳಿಸುವವನ ಹತ್ತಿರ ಬೇರೆ ಜಾತಿಯ ಮರಿ ಕಣ್ಣುಮುಚ್ಚಿ ಕೊಳ್ಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ನಾಯಿಗೆ ಮೈಯಿಂದ ಬೆವರಿ ತಂಪಾಗಲು ಬರುವುದಿಲ್ಲ, ತೇಕಿಯೇ ತಣಿಯಬೇಕು. ಚಪ್ಪಟೆ ಮೂಗಿನ ಪಗ್‌ಗೆ ಆ ತೇಕುವುದೇ ಕಷ್ಟ. ಇದನ್ನು ಹೇಳದೆ ಮಾರುವವನು ಮರಿಯ ಮುಂದಿನ ಬದುಕಿನ ಬಗ್ಗೆ ಯೋಚಿಸಿಲ್ಲ.

ಹೋಗಿ ನೋಡುವುದು

ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಬೆಳಿಗ್ಗೆ ತೊಳೆದು ಫಿನಾಯಿಲ್ ಹಾಕಿದ ಜಾಗ ಯಾವುದಾದರೂ ಚೆನ್ನಾಗಿಯೇ ಕಾಣುತ್ತದೆ. ತಗಡಿನ ಶೆಡ್ಡು ಏನೆಂಬುದು ಮಧ್ಯಾಹ್ನವೇ ತಿಳಿಯಬೇಕು. ನೀರಿನ ಬಟ್ಟಲು ತುಂಬಿದೆಯೇ, ನೀರು ಮುಟ್ಟಿದರೆ ಬಿಸಿಯಿದೆಯೇ, ಕರೆಂಟು ಹೋದರೆ ಗಾಳಿಗೇನು ದಾರಿ, ನೆರಳು ಗಿಡದ್ದೋ ತಗಡಿನದ್ದೋ ನೋಡಿ. ಉಚ್ಚೆಯ ಘಾಟು ಕಣ್ಣು ಉರಿಸುವಷ್ಟಿದ್ದರೆ ಅಲ್ಲಿ ಮಲಗುವ ಮರಿಯ ಶ್ವಾಸಕೋಶಕ್ಕೂ ಅದೇ ಗತಿ. ಹೆಣ್ಣುನಾಯಿಗಳ ಜಾಗ ನಿಮಗೆ ಮರಿ ತೋರಿಸುವ ಜಾಗಕ್ಕಿಂತ ಬೇರೆ ಇದ್ದರೆ ಅದನ್ನೂ ತೋರಿಸಿ ಎನ್ನಿ. ಟೈಲ್ಸ್ ಹಾಕಿದ ಮುಂಗೋಣೆ ಗಿರಾಕಿಗಾಗಿ ಇರುವುದು.

ಟೈಲ್ಸ್ ಇಲ್ಲದಿರುವುದು ದೋಷವಲ್ಲ, ಇದನ್ನೂ ಹೇಳಬೇಕು. ಬೇವಿನ ಗಿಡದ ಕೆಳಗೆ ಒಂದೇ ಹೆಣ್ಣುನಾಯಿ ಕಟ್ಟಿ, ತಾವು ಉಣ್ಣುವುದರಲ್ಲೇ ಅದಕ್ಕೂ ಹಾಕಿ ಸಾಕಿದ ಮನೆಯಲ್ಲಿ, ಎಸಿ ಕೆನಲ್‌ಗಿಂತ ಗಟ್ಟಿಯಾದ ಮರಿ ಸಿಗಬಹುದು.

ಒಂದೇ ದಿನ ಎರಡು ಕೆನಲ್‌ಗೆ ಹೋಗಬೇಡಿ. ಪಾರ್ವೊ ವೈರಾಣು ಚಪ್ಪಲಿಯಲ್ಲಿ ಹೋಗುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಚಪ್ಪಲಿ ಹೊರಗೆ ಬಿಡಿ, ಕೈ ತೊಳೆಯಿರಿ ಎಂದು ಹೇಳುವ ಬ್ರೀಡರ್ ತಿಳಿದವನು. ಮರಿ ಹುಟ್ಟಿದ ಮೊದಲ ಮೂರು ವಾರ ಹೊರಗಿನವರನ್ನು ಒಳಗೆ ಬಿಡದಿರುವುದೂ ಸರಿಯೇ. ಆದರೆ ಸೋಂಕಿನ ನೆಪ ಹೇಳಿ ಮಾರುವ ದಿನವೂ ತಾಯಿಯನ್ನು ದೂರದಿಂದ ಕೂಡ ತೋರಿಸದಿದ್ದರೆ ಅಲ್ಲಿಂದ ಹೊರಡಿ.

ತಾಯಿ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುವುದು ನಾಯಿಯಲ್ಲೂ ಸುಳ್ಳಾಗುವುದಿಲ್ಲ. ಹೆದರುಬುರುಕ ತಾಯಿಯ ಮರಿ ಹೆದರುಬುರುಕವೇ ಆಗುವ ಸಂಭವ ಹೆಚ್ಚು. ಸ್ವಲ್ಪ ರಕ್ತದಿಂದ, ಸ್ವಲ್ಪ ನೋಡಿ ಕಲಿತು. ಅರ್ಧ ಗಂಟೆ ಇದ್ದರೆ ಅದರಲ್ಲಿ ಇಪ್ಪತ್ತು ನಿಮಿಷ ತಾಯಿಗೆ ಕೊಡಿ.

ಹಾಲೂಡಿಸುವ ತಾಯಿ ಬಡಕಲಾಗಿ ಕಾಣುವುದು, ಮರಿ ಹಾಕಿದ ಎರಡು ಮೂರು ತಿಂಗಳೊಳಗೆ ಕೂದಲು ಉದುರುವುದು ಸಹಜ. ಇಷ್ಟಕ್ಕೇ ಮಾಲೀಕನನ್ನು ಬೈಯಬೇಡಿ. ನೋಡಬೇಕಾದ್ದು ಬೇರೆ. ಮೊಣಕೈಯಲ್ಲಿ ದಪ್ಪ ಗಡ್ಡೆಗಟ್ಟಿದ ಚರ್ಮ ಎಂದರೆ ಬರೀ ಸಿಮೆಂಟಿನ ಮೇಲೆ ಮಲಗಿದೆ. ಮುಂದಿನ ಹಲ್ಲು, ಕೋರೆಯ ಹಿಂಬದಿ ಸವೆದಿದ್ದರೆ ಪಂಜರದ ಸರಳು ಕಡಿದಿದೆ. ಉಗುರು ಸುರುಳಿ ಸುತ್ತಿದ್ದರೆ ನಡೆದಾಡಿಲ್ಲ. ಪಾದ ಅಗಲವಾಗಿ, ಬೆರಳಿನ ನಡುವೆ ಹುಣ್ಣಿದ್ದರೆ ಜಾಲರಿಯ ಮೇಲೆ ನಿಂತಿದೆ. ಒಂದೇ ಸಮನೆ ಗಿರಗಿರ ಸುತ್ತುವ, ಗೋಡೆಗೆ ಮುಖ ಮಾಡಿ ನಿಲ್ಲುವ ನಾಯಿ ವರ್ಷಗಟ್ಟಲೆ ಕಟ್ಟಿಹಾಕಿದ್ದಿರಬಹುದು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ನೋಡಿ. ನಮ್ಮ ಕಡೆ ಉಣ್ಣಿ ಜ್ವರ ನಾಯಿಯ ರಕ್ತವನ್ನೇ ಬತ್ತಿಸುವ ರೋಗ, ತಾಯಿಯ ಮೈ ತುಂಬ ಉಣ್ಣಿ ಇದ್ದರೆ ಮರಿಗೂ ಏರಿರುತ್ತವೆ.

ಮಾಲೀಕ ಹತ್ತಿರ ಹೋದಾಗ ತಾಯಿ ಬಾಲ ಆಡಿಸುತ್ತದೋ, ಮುದುಡಿ ನೆಲಕ್ಕೆ ಅಂಟುತ್ತದೋ? ನಿಮ್ಮ ಮೇಲೆ ಗುರುಗುಟ್ಟಿದರೆ ಪರವಾಗಿಲ್ಲ, ಮರಿ ಕಾಯುವ ತಾಯಿ ಹಾಗೆ ಮಾಡುತ್ತದೆ. ಅನ್ನ ಹಾಕುವ ಕೈಗೇ ಹೆದರುವುದು ಬೇರೆ ಮಾತು.

ತಂದೆ ಅಲ್ಲಿ ಇಲ್ಲದಿದ್ದರೆ ಅನುಮಾನ ಬೇಡ. ಒಳ್ಳೆಯ ಬ್ರೀಡರ್‌ಗಳು ಹೊರಗಿನ ಗಂಡುನಾಯಿಗೆ ಕರೆದೊಯ್ದು ಕ್ರಾಸ್ ಮಾಡಿಸುವುದೇ ಹೆಚ್ಚು. ಎಲ್ಲ ಸೂಲಿಗೂ ಮನೆಯದೇ ಒಂದು ಗಂಡು ಎಂದರೆ ಅಣ್ಣ ತಂಗಿ, ತಂದೆ ಮಗಳು ಕೂಡಿರುವ ಸಾಧ್ಯತೆ ಇದೆ. ಎರಡರ ವಂಶಾವಳಿಯನ್ನೂ ಕೇಳಿ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್ ಕೊಳ್ಳುವವರು ತಂದೆತಾಯಿಯ ಸೊಂಟದ ಎಕ್ಸ್‌ರೇ ಕೇಳಲೇಬೇಕು. ಸೊಂಟದ ಕೀಲು ಸರಿಯಾಗಿ ಕೂರದ ರೋಗ ಈ ಜಾತಿಗಳಲ್ಲಿ ವಂಶವಾಹಿಯಾಗಿ ಬರುತ್ತದೆ. ಮರಿಯಲ್ಲಿ ಕಾಣಿಸುವುದಿಲ್ಲ, ಒಂದೆರಡು ವರ್ಷಕ್ಕೆ ನಾಯಿ ಮೆಟ್ಟಿಲು ಹತ್ತಲಾರದೆ ಕೂರುತ್ತದೆ. ಎರಡು ವರ್ಷ ತುಂಬಿದ ಮೇಲೆ ತೆಗೆದ ಎಕ್ಸ್‌ರೇಯ ಮಾತಿಗೆ ಬೆಲೆ. ಫಿಲ್ಮಿನ ಮೇಲೆ ತಾರೀಕು, ನಾಯಿಯ ಚಿಪ್ ನಂಬರ್ ಇರಬೇಕು. "ಡಾಕ್ಟರು ನೋಡ್ಯಾರ, ಆರಾಮೈತಿ" ಎನ್ನುವುದು ಈ ಪರೀಕ್ಷೆಯಲ್ಲ. ಇನ್ನು ಡಬಲ್ ಬೋನ್, ಹೆವಿ ಬೋನ್, ಟೀಕಪ್, ಪಾಕೆಟ್ ಇವೆಲ್ಲ ರೇಟು ಏರಿಸುವ ಪದಗಳು. ಯಾವ ನಾಯಿಗೂ ಮೂಳೆ ಎರಡು ಪಟ್ಟು ಇರುವುದಿಲ್ಲ.

ಮರಿ

ವಸಡು ಗುಲಾಬಿ ಇರಬೇಕು. ಬಿಳಿಚಿದ್ದರೆ ಕೊಕ್ಕೆಹುಳು ರಕ್ತ ಹೀರುತ್ತಿರಬಹುದು. ಮೈ ಸಣ್ಣ, ಹೊಟ್ಟೆ ಮಾತ್ರ ಗುಡಾಣ ಎಂದರೆ ದುಂಡುಹುಳು. ಇದು ತಾಯಿಯ ಗರ್ಭದಲ್ಲೇ, ಹಾಲಿನಲ್ಲೇ ಮರಿಗೆ ದಾಟುತ್ತದೆ, ಮನೆಯ ಮಕ್ಕಳಿಗೂ ಅಂಟುತ್ತದೆ. ಹೆಗಲ ಮೇಲಿನ ಚರ್ಮ ಎತ್ತಿ ಬಿಡಿ, ಕೂಡಲೇ ಕೂರದಿದ್ದರೆ ಮೈಯಲ್ಲಿ ನೀರಿಲ್ಲ. ಕಣ್ಣಲ್ಲಿ ಮೂಗಲ್ಲಿ ಕೀವಿನಂಥ ಸಿಂಬಳ, ಕೆಮ್ಮು ಇದ್ದರೆ ಡಿಸ್ಟೆಂಪರ್ ಎಂಬ ಅಂಟುರೋಗದ ಶಂಕೆ, ಆ ಸೂಲಿನ ಯಾವ ಮರಿಯನ್ನೂ ತರಬೇಡಿ. ಹೊಕ್ಕುಳ ಒತ್ತಿ ನೋಡಿ, ಮೆತ್ತಗಿನ ಗಂಟು ಒಳಕ್ಕೆ ಹೋಗುವಂತಿದ್ದರೆ ಹರ್ನಿಯಾ. ಒಂದು ಹೊತ್ತು ಕಾದು ಮರಿ ತಿನ್ನುವುದನ್ನೂ ಕಕ್ಕಸು ಮಾಡುವುದನ್ನೂ ನೋಡಿ. ಮೂಲೆಯಲ್ಲಿ ಸುಮ್ಮನೆ ಕೂತ ಮರಿಯನ್ನು "ಶಾಂತ ಸ್ವಭಾವದ್ದು" ಎಂದು ಮಾರುತ್ತಾರೆ. ಎಂಟು ವಾರದ ಮರಿ ಎಚ್ಚರವಿದ್ದಾಗಲೂ ಹಾಗೆ ಸುಮ್ಮನಿದ್ದರೆ ಕಾಯಿಲೆಯಿಂದ ಇರಬಹುದು.

ಕನಿಕರ ಬಂದು ಆ ಮರಿಯನ್ನೇ ಕೊಳ್ಳುವವರಿದ್ದಾರೆ. ಮರಿ ಉಳಿಯಬಹುದು. ಆದರೆ ಕೊಟ್ಟ ದುಡ್ಡಿನಲ್ಲಿ ಅದರ ತಾಯಿಗೆ ಇನ್ನೊಂದು ಸೂಲು ಕಟ್ಟಿಟ್ಟ ಬುತ್ತಿ.

ಕಾಗದ ಪತ್ರ

45 ದಿನದ ಮರಿಗೆ "ವ್ಯಾಕ್ಸಿನ್ ಎಲ್ಲಾ ಮುಗಿದಿದೆ" ಎನ್ನುವುದು ಆಗದ ಮಾತು. ಪಾರ್ವೊ, ಡಿಸ್ಟೆಂಪರ್ ಲಸಿಕೆ 6–8 ವಾರಕ್ಕೆ ಶುರುವಾಗಿ, 2–4 ವಾರಕ್ಕೊಮ್ಮೆ ಮುಂದುವರಿದು, 16 ವಾರ ಆಗುವ ತನಕ ನಡೆಯುತ್ತದೆ. ತಾಯಿಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನೇ ನಿಷ್ಫಲ ಮಾಡುತ್ತಿರುತ್ತದೆ, ಅದು ಯಾವ ವಾರ ಇಳಿಯುತ್ತದೆ ಎಂದು ಹೇಳಲು ಬರುವುದಿಲ್ಲ; ಅದಕ್ಕೇ ಮತ್ತೆ ಮತ್ತೆ ಹಾಕಬೇಕು. ಹುಚ್ಚುನಾಯಿ ರೋಗದ ಲಸಿಕೆ ಹಾಕುವುದು ಮೂರು ತಿಂಗಳಿಗೆ. ಒಂದೂವರೆ ತಿಂಗಳ ಮರಿಯ ಕಾರ್ಡಿನಲ್ಲಿ ರೇಬೀಸ್ ಎಂದು ಬರೆದಿದ್ದರೆ ಇಡೀ ಕಾರ್ಡನ್ನೇ ನಂಬಬೇಡಿ.

ಕಾರ್ಡಿನಲ್ಲಿ ಬಾಟಲಿಯಿಂದ ಕಿತ್ತು ಅಂಟಿಸಿದ ಸ್ಟಿಕರ್ ಇರಬೇಕು, ಬ್ಯಾಚ್ ನಂಬರ್, ಅವಧಿ ಓದಲು ಬರಬೇಕು. ಡಾಕ್ಟರ ಸಹಿ, ಸೀಲು, ಪಶುವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಮೆಡಿಕಲ್ ಅಂಗಡಿಯಿಂದ ಬಾಟಲಿ ತಂದು ತಾವೇ ಚುಚ್ಚುವವರೂ ಇದ್ದಾರೆ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕಾದದ್ದು. ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಿ ಬಂದ ಬಾಟಲಿಯ ಲಸಿಕೆ ಹಾಕಿದರೂ ಒಂದೇ ಬಿಟ್ಟರೂ ಒಂದೇ.

ಕೆನಲ್ ಕ್ಲಬ್ ಆಫ್ ಇಂಡಿಯಾದ, ಅಂದರೆ ಕೆಸಿಐ ಪತ್ರ ಹೇಳುವುದು ವಂಶವನ್ನು ಮಾತ್ರ. ತಾಯಿ ಪಂಜರದಲ್ಲಿದ್ದಳೋ ಮನೆಯಲ್ಲಿದ್ದಳೋ ಅದರಲ್ಲಿ ಇರುವುದಿಲ್ಲ. ಒಂದೇ ಸೂಲಿನ ಮರಿಗೆ "ಪೇಪರ್ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಒಂದು ರೇಟು" ಎಂದರೆ ಆ ಪೇಪರ್ ಬೇರೆ ಯಾವುದೋ ಸೂಲಿನದ್ದಿರಬಹುದು. ಮೈಕ್ರೋಚಿಪ್‌ಗೆ 15 ಅಂಕಿ. ಚಿಪ್ ಓದುವ ರೀಡರ್ ಇರುವ ಡಾಕ್ಟರ ಹತ್ತಿರ ಮರಿಯ ಹೆಗಲ ನಡುವೆ ಹಿಡಿಸಿ, ಪತ್ರದ ಅಂಕಿಯೊಂದಿಗೆ ಹೊಂದಿಸಿ. "ಪೇಪರ್ ಆಮೇಲೆ ಕಳಸ್ತೀವಿ" ಎಂದರೆ ಬಾಕಿ ದುಡ್ಡೂ ಆಮೇಲೆ.

ಬೆಲೆ ಹೆಚ್ಚಿದ್ದರೆ ಒಳ್ಳೆಯದು ಎಂದೇನಿಲ್ಲ. ಮಧ್ಯವರ್ತಿಯ ಕಮಿಷನ್ನೂ ಬೆಲೆಯೊಳಗೇ ಇರುತ್ತದೆ.

ಮರಿಯೇ ಇಲ್ಲದ ಮಾರಾಟವೂ ನಡೆಯುತ್ತದೆ. ಅರ್ಧ ಬೆಲೆಯ ಫೋಟೊ, ಅಡ್ವಾನ್ಸ್, ಆಮೇಲೆ ಕ್ರೇಟ್ ಚಾರ್ಜು, ಇನ್ಶೂರೆನ್ಸು, "ರಿಫಂಡ್ ಆಗ್ತದ" ಎಂಬ ಸರಣಿ. ಲೈವ್ ವಿಡಿಯೊ ಕಾಲ್‌ನಲ್ಲಿ ತಾಯಿ ಮರಿ ಒಟ್ಟಿಗೆ ತೋರಿಸಿ, ಕ್ಯಾಮೆರಾ ನೆಲಕ್ಕೆ ತಿರುಗಿಸಿ ಎಂದರೆ ಇವರು ನೆಟ್‌ವರ್ಕ್ ಇಲ್ಲ ಎನ್ನುತ್ತಾರೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬೇಟೆನಾಯಿ ಮೈಕಟ್ಟು ಇಷ್ಟವಿದ್ದವರಿಗೆ ಮುಧೋಳ ದೂರವಿಲ್ಲ. ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದೆ, ಮುಧೋಳ ತಳಿಯ ಮರಿಗೆ ಅಲ್ಲಿ ಮೊದಲು ವಿಚಾರಿಸಿ. ನಮ್ಮ ಬಿಸಿಲಿಗೆ ಒಗ್ಗಿದ ನಾಯಿ ಅದು. ಓಡಲು ಜಾಗವಿಲ್ಲದ ಬಾಡಿಗೆ ಮನೆಗೆ ಅದೂ ಬೇಡ. ಬೀದಿಯ ಮರಿಯನ್ನೇ ತಂದು ಲಸಿಕೆ ಹಾಕಿಸಿ ಸಾಕಿದರೆ ಇಷ್ಟೆಲ್ಲಾ ಪತ್ತೇದಾರಿಕೆಯ ಅಗತ್ಯವೇ ಇಲ್ಲ.

ಮನೆಗೆ ಬಂದ ಮೇಲೆ

ರಸೀದಿ ಬರೆಸಿಕೊಳ್ಳಿ: ತಾರೀಕು, ಮೊತ್ತ, ಜಾತಿ, ಹುಟ್ಟಿದ ದಿನ, ಚಿಪ್ ನಂಬರ್, ಮಾರಿದವರ ಹೆಸರು, ವಿಳಾಸ, ಸಹಿ. ದುಡ್ಡು ಯುಪಿಐನಲ್ಲಿ ಕೊಡಿ, ಚಾಟ್ ಅಳಿಸಬೇಡಿ. ತಂದ 48 ಗಂಟೆಯೊಳಗೆ ನಿಮ್ಮ ಡಾಕ್ಟರಿಗೆ ತೋರಿಸಿ ಮಲ ಪರೀಕ್ಷೆ ಮಾಡಿಸಿ, ಏನೂ ಇಲ್ಲದಿದ್ದರೂ ಚೀಟಿಯಲ್ಲಿ ಬರೆಸಿ. ಮೊದಲ ವಾರ ಬ್ರೀಡರ್ ಕೊಡುತ್ತಿದ್ದ ಆಹಾರವನ್ನೇ ಕೊಡಿ, ಸ್ನಾನ ಬೇಡ, ಬೀದಿಗೆ ಇಳಿಸಬೇಡಿ.

ಪಾರ್ವೊ ತಗುಲಿದ ಮರಿ ಸಾಮಾನ್ಯವಾಗಿ 3ರಿಂದ 7 ದಿನಕ್ಕೆ ಕಾಯಿಲೆ ಬೀಳುತ್ತದೆ, ಕೆಲವು ಸಲ 14 ದಿನಕ್ಕೆ. ತಂದ ಮೂರನೇ ದಿನವೇ ವಾಂತಿ, ರಕ್ತಭೇದಿ ಶುರುವಾದರೆ ರೋಗ ಅಲ್ಲಿಂದಲೇ ಬಂದಿರುವ ಸಂಭವ ಬಹಳ. ಅರ್ಧ ದಿನವೂ ಕಾಯದೆ ಗ್ಲೂಕೋಸ್ ಹಾಕಿಸಲು ಒಯ್ಯಿರಿ. ಮಲದ ಕಿಟ್ ಪರೀಕ್ಷೆ ಅಲ್ಲೇ ಆಗುತ್ತದೆ. ಮರಿ ಇದ್ದ ನೆಲವನ್ನು ಮೊದಲು ಸೋಪಿನಿಂದ ತೊಳೆದು, 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ದ್ರಾವಣ ಬೆರೆಸಿ ಹತ್ತು ನಿಮಿಷ ನೆನೆಯಲು ಬಿಡಿ. ಬರೀ ಫಿನಾಯಿಲ್‌ಗೆ ಈ ವೈರಾಣು ಸಾಯುವುದಿಲ್ಲ.

ಮಿಲ್ ಕಣ್ಣಿಗೆ ಬಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲಬೇಡಿ, ಮರುದಿನಕ್ಕೆ ನಾಯಿಗಳು ಜಾಗ ಬದಲಾಯಿಸಿರುತ್ತವೆ. ಫೋಟೊ, ವಿಡಿಯೊ, ಲೊಕೇಶನ್, ತಾರೀಕು ಇಟ್ಟುಕೊಂಡು ಪಶುಪಾಲನಾ ಇಲಾಖೆಯ ಜಿಲ್ಲಾ ಉಪನಿರ್ದೇಶಕರಿಗೆ, ಜಿಲ್ಲಾ ಪ್ರಾಣಿದಯಾ ಸಂಘಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. 1960ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ, ಅದಕ್ಕೆ ಯಾರೂ ಹೆದರುವುದಿಲ್ಲ. ಹಾಗಾಗಿ ದೂರಿನಲ್ಲಿ ನೋಂದಣಿ ಇಲ್ಲದಿರುವುದನ್ನು, 2017ರ ನಿಯಮ ಮುರಿದದ್ದನ್ನು ಸ್ಪಷ್ಟವಾಗಿ ಬರೆಯಿರಿ. ನಾಯಿಯನ್ನು ಕೊಂದ, ಅಂಗವಿಕಲ ಮಾಡಿದ ಪ್ರಕರಣವಾದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅಡಿ ಐದು ವರ್ಷದವರೆಗೆ ಶಿಕ್ಷೆಯಿದೆ, ಅದನ್ನು ಪೊಲೀಸ್ ಠಾಣೆಯಲ್ಲಿ ಹೇಳಿ.

ಮರಿ ಸತ್ತರೆ ಹೂಳುವ ಮುನ್ನ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ಮಾಡಿಸಿ ವರದಿ ಪಡೆಯಿರಿ. ದೇಹವನ್ನು ಐಸಿನಲ್ಲಿಟ್ಟು ಒಯ್ಯಿರಿ, ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿದರೆ ಪರೀಕ್ಷೆಗೆ ತೊಡಕು. ಈ ವರದಿ, ರಸೀದಿ, ಡಾಕ್ಟರ ಚೀಟಿ, ಔಷಧಿ ಬಿಲ್ಲು ಇದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಗಡುವು ಎರಡು ವರ್ಷ.